ಟಾರ್ಚಿಗೆ ಹೇಳಿದ ಸುಳ್ಳು

"ಸನೇಕ ಬರಬ್ಯಾಡ, ದೂರ ನಿಲ್ಲು! ಲಗ್ನ ಮುರದೇನಿ ಅಂದ್ನೆಲ್ಲ... ಮನಿಗಿ ಹೋಗು!"

ಮಂಚದ ಮೇಲಿಂದ ಬಂದ ಕೂಗಿಗೆ ಕಾಂತಾ ಬೆಳಗಾವಿಯ ಆ ದವಾಖಾನೆಯ ವಾರ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ಯುಗಾದಿಗೆ ಅನಗೋಳದ ತನ್ನ ಮನೆಗೆ ಬಂದು, ನಾಚುತ್ತ ತಾಂಬೂಲ ಬದಲಿಸಿಕೊಂಡ ನಾಗಲಿಂಗ ಇವನೇನಾ?

ಖಾಸಬಾಗದ ಮಗ್ಗದಲ್ಲಿ ಲಾಳಿ ಹಾರಿ ಅವನ ಎಡಗಣ್ಣು ಸೀಳಿತ್ತು. ಹಾಳಾದವನು ಆಗಲೇ ದವಾಖಾನೆಗೆ ಬರಬಾರದೇ? ಖಾನಾಪುರದ ಬಸ್ಸು ಹತ್ತಿ ತನ್ನ ಊರಾದ ಬೀಡಿಗೆ ಹೋದ. ಅವನ ಅವ್ವ ನಿಂಗವ್ವ ಕಣ್ಣಿಗೆ ನಂದಿಬಟ್ಟಲ ಹೂವಿನ ರಸ ಹಿಂಡಿದಳು. ಕಣ್ಣು ಊದಿಕೊಂಡ ಮೇಲೆಯೇ ಇಲ್ಲಿಗೆ ತಂದದ್ದು.

"ಬೆಳಕಾರ ಕಾಣೂತನಕ ಆಸೆ ಐತಿ," ಎಂದಿದ್ದರು ಡಾಕ್ಟರು. "ಅದೂ ಕಾಣಲಿಲ್ಲಂದ್ರ ಆ ಕಣ್ಣು ತಗೀಬೇಕು. ಇಲ್ಲಾಂದ್ರ ಛಲೋ ಕಣ್ಣನ್ನೂ ಅದು ತಿಂತೈತಿ."

ದಿನವೂ ಬಲಗಣ್ಣು ಮುಚ್ಚಿ ಎಡಗಣ್ಣಿಗೆ ಟಾರ್ಚು ಹಿಡಿಯುತ್ತಿದ್ದರು. ದಿನವೂ ಅವನು "ಕಾಣತೈತ್ರಿ" ಎನ್ನುತ್ತಿದ್ದ.

ಕಾಂತಾ ಹೋಗಲಿಲ್ಲ. ಬಾಗಿಲ ಮರೆಗೆ ನಿಂತಳು. ಅವಳು ಹೋದಳೆಂದುಕೊಂಡು ನಾಗಲಿಂಗ ಲಿಂಗಪೂಜೆಗೆ ಕುಳಿತ. ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ಬಿಲ್ವಪತ್ರಿ ಏರಿಸಿದ. ಪತ್ರಿ ಚಾದರದ ಮೇಲೆ ಬಿತ್ತು! ಮತ್ತೊಂದು ಏರಿಸಿದ. ಅದೂ ಬಿತ್ತು. ಮೂಗು ಅಂಗೈಗೆ ತಾಗುವಷ್ಟು ಬಗ್ಗಿ ಲಿಂಗ ಹುಡುಕತೊಡಗಿದ.

'ಅಯ್ಯೋ ದೇವರೇ... ಬಲಗಣ್ಣೂ ಹೊಂಟೈತಿ!'

ಓಡಿ ಬಂದು ಅವನ ಮುಂದೆ ನಿಂತಳು. "ಈ ಕಣ್ಣೂ ಮಬ್ಬಾಗೈತಿ, ಹೌದಿಲ್ಲೋ? ಎಡಗಣ್ಣಿಗಿ ಬೆಳಕು ಖರೇನ ಕಾಣತೈತೇನ್ರಿ?"

ನಾಗಲಿಂಗ ಲಿಂಗವನ್ನು ಅಂಗೈಯಲ್ಲಿ ಮುಚ್ಚಿಕೊಂಡ. "ಇಲ್ಲ... ಟಾರ್ಚು ಟಕ್ ಅಂದ ಕೂಡ್ಲೆ ಹೂಂ ಅಂತಿದ್ನಿ. ಕಣ್ಣ ಕಿತ್ತ ಮಾರಿ ನೋಡಿ ನೀ ಹೇಸಿಕೊಂಡೀ ಅಂತ... ಅದಕ್ಕ ಮೊದಲ ನಾನ ಮುರದ್ನಿ."

"ಎಂಥಾ ಹುಚ್ಚರಿದೀರಿ! ನಾ ಒಪ್ಪಿದ್ದು ನಿಮಗ್ರೀ... ನಿಮ್ಮ ಕಣ್ಣಿಗಲ್ಲ!" ಅಳುತ್ತಲೇ ಡಾಕ್ಟರನ್ನು ಕರೆತಂದಳು.

ಅವರು ಎರಡೂ ಕಣ್ಣು ನೋಡಿದರು. ಮುಖ ಗಂಭೀರವಾಯಿತು. "ಭಾಳ ತಡ ಮಾಡಿದಿ ತಮ್ಮಾ. ಇವತ್ತ ಎಡಗಣ್ಣು ತಗೀತೇವಿ. ಬಲಗಣ್ಣಿಗಿ ಔಷಧ ಚಾಲೂ ಮಾಡತೇವಿ. ಉಳೀತೈತಿ ಅಂತ ಮಾತು ಕೊಡಾಕ ಆಗೂದಿಲ್ಲ."

ಆಪರೇಷನ್ನಿಗೆ ಒಯ್ಯಲು ಗಾಡಿ ಬರುವುದಿತ್ತು. ನಾಗಲಿಂಗ ಅವಳ ಕೈ ಗಟ್ಟಿಯಾಗಿ ಹಿಡಿದ.

"ನೀ ಅಂದ್ರ ನನಗ ಜೀವ, ಕಾಂತಾ. ಎರಡೂ ಹೋದ್ರ?"

"ಹೋದ್ರ ನಾ ಇದೀನ್ರಿ. ಈಗ ನನ್ನ ಮಾರಿ ಛಂದಂಗ ನೋಡಿಕೋರಿ."

ಕಿಟಕಿಯ ಬಿಸಿಲಿಗೆ ಮುಖ ತಿರುಗಿಸಿ ಬಾಗಿದಳು. ಅವನ ಉಸಿರು ಕೆನ್ನೆಗೆ ತಾಗಿತು.

"ಕಾಣತೇನೇನ್ರಿ?"

ಅವನು ಬಲಗಣ್ಣು ಕಿರಿದು ಮಾಡಿ ಅವಳ ಮುಖ ಹುಡುಕಿದ.

"ಇನ್ನೊಂಚೂರು... ಸನೇಕ ಬಾ."