ಹೊಸದುರ್ಗದಲ್ಲಿ ಕೇಳಿದ ಮಾತು

ಮೂವತ್ತಮೂರು ವರ್ಷಗಳ ಮೇಲೆ ಏಕಾಂತಪ್ಪನವರನ್ನು ನೋಡಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು, “ತಲೆಗೆ ಡೈ ಹಚ್ಚೀರೇನ್ರೀ?”

ಅವರು ಹೆಲ್ಮೆಟ್ ಕೈಯಲ್ಲಿ ಹಿಡಿದು ತಾಲೀಮು ಕೋಣೆಯ ಬಾಗಿಲಲ್ಲೇ ನಿಂತರು. “ನೀನು ಹಚ್ಚಿಲ್ವೇನು ಶಿವಗಂಗಾ?”

“ಹಚ್ಚೀನಿ. ಹೆಂಗಸ್ರನ್ನ ಹಂಗೆಲ್ಲ ಕೇಳಬಾರ್ದು.”

ನಕ್ಕರು. ಆ ನಗು ತುಟಿಯ ಎಡತುದಿಯಲ್ಲಿ ಶುರುವಾಗಿ ಕಣ್ಣು ಮುಟ್ಟುವಷ್ಟರಲ್ಲಿ ನನ್ನ ಅರವತ್ತೆರಡು ವರ್ಷದ ಗಾಂಭೀರ್ಯ ಮಣ್ಣುಪಾಲಾಯಿತು. ಹೈಸ್ಕೂಲು ಹುಡುಗರನ್ನು ಬರೀ ಕಣ್ಣಲ್ಲೇ ಹೆದರಿಸಿದ ಮೇಷ್ಟರಮ್ಮ ನಾನು.

ಒಂದು ಕಾಲದಲ್ಲಿ ಹಿರಿಯೂರಿನ ಹವ್ಯಾಸಿ ತಂಡಕ್ಕಾಗಿ ನಾವಿಬ್ಬರೂ ‘ಒಂಟಿ ಬಾಗಿಲು’ ನಾಟಕ ಆಡುತ್ತಿದ್ದೆವು. ಅದರಲ್ಲಿ ಎರಡೇ ಪಾತ್ರ. ಮುದುಕ ಗಂಡ, ಮುದುಕಿ ಹೆಂಡತಿ. ಕೊನೆಯಲ್ಲಿ ಅವಳು ಜಗಳವಾಡಿ ಟ್ರಂಕು ಹಿಡಿದು ಹೋಗುತ್ತಾಳೆ, ಅವನು ಒಬ್ಬನೇ ಕೂತು ಅಳುತ್ತಾನೆ. ಆಗ ತಲೆಗೆ ಬಿಳಿ ಪೌಡರ್ ಬಳಿದುಕೊಂಡು ಮುದುಕರಾಗುತ್ತಿದ್ದೆವು. ಈಗ ಅದನ್ನು ಮತ್ತೆ ಆಡಿಸಹೊರಟಿರುವ ಡೈರೆಕ್ಟರ್ ಸಹನಾ, “ಮೇಕಪ್ ಏನೂ ಬ್ಯಾಡ, ಇಬ್ರೂ ಡೈ ಬಿಡ್ರಿ ಸಾಕು” ಎಂದಳು. ಚಿತ್ರದುರ್ಗದಲ್ಲಿ ಒಂದೇ ಒಂದು ಶೋ.

“ಮೇಡಂ, ಆಗ ಹೊಸದುರ್ಗದಾಗೆ ನೀವು ಆಡಿದ ಶೋನ ನಮ್ಮಪ್ಪ ನೋಡಿದ್ರಂತೆ. ಒಂದು ಡೈಲಾಗ್ ಇವತ್ತಿಗೂ ಹೇಳಿ ನಗ್ತಾರೆ. ಸ್ಕ್ರಿಪ್ಟ್‌ನಾಗೆ ಅದು ಇಲ್ಲ. ಸೇರಿಸ್ತೀನಿ” ಎಂದಳು ಸಹನಾ.

ಯಾವುದೆಂದು ನನಗೆ ಗೊತ್ತಿತ್ತು. ಗಂಡ ‘ನನ್ನ ಕನ್ನಡಕ ಎಲ್ಲಿ’ ಎಂದು ಕೇಳಬೇಕಾದ ಜಾಗ. ಅವತ್ತು ಏಕಾಂತಪ್ಪ ನನ್ನ ಮುಖ ನೋಡುತ್ತ, “ಜೀವಮಾನ ಪೂರ್ತಿ ನನ್ ಜೊತೆ ಇರ್ತೀಯಾ?” ಎಂದುಬಿಟ್ಟರು. ಮಾತು ಮರೆತಿದ್ದಾರೆ ಎಂದುಕೊಂಡೆ. ಜೊತೆಗಾರ ಮರೆತರೆ ಜನಕ್ಕೆ ಗೊತ್ತಾಗದ ಹಾಗೆ ನಾವು ಎತ್ತಿಕೊಂಡು ಹೋಗಬೇಕು, ಅದು ರಂಗದ ಮರ್ಯಾದೆ. “ಇಷ್ಟು ದಿನ ಇದ್ದಿದ್ದಕ್ಕೇ ಸಾಕಾಗೋಗೈತೆ. ಏಳ್ರಿ, ಮುದ್ದೆ ಆರ್ತೈತೆ!” ಎಂದೆ. ಜನ ಶಿಳ್ಳೆ ಹೊಡೆದರು.

ತಾಲೀಮು ಮುಗಿಸಿ ಟೀ ಅಂಗಡಿಯಲ್ಲಿ ಕೂತಾಗ ಅವರನ್ನು ಛೇಡಿಸಿದೆ. “ನೀವು ಮರ್ತಿದ್ದೇ ಒಳ್ಳೇದಾತು ನೋಡ್ರಿ. ನಂಗೆ ಒಂದು ಡೈಲಾಗ್ ಸಿಕ್ತು.”

“ಮರ್ತಿರ್ಲಿಲ್ಲ.”

“ಏನು?”

“ನಿನ್ನನ್ನೇ ಕೇಳ್ದೆ. ಸ್ಟೇಜ್ ಇಳಿದ್ರೆ ನಿನ್ ಮುಂದೆ ನಂಗೆ ಬಾಯೇ ಬರ್ತಿರ್ಲಿಲ್ಲ.” ಲೋಟ ತಿರುಗಿಸುತ್ತಾ ಕೂತರು. “ನೀನು ಚಂದಾಗಿ ನಗಿಸಿ ಬ್ಯಾಡ ಅಂದೆ. ಹೋಗ್ಲಿ ಬಿಡು, ಹಳೇದು.”

ದೇವರೇ! ಅವರು ಕೇಳಲಿ ಅಂತ ನಾನು ಎರಡು ವರ್ಷ ಕಾದಿದ್ದೆ. ಬದಲಿಗೆ ಲಗ್ನಪತ್ರಿಕೆ ಬಂತು. ಯಲ್ಲದಕೆರೆಯಲ್ಲಿ ಅವರ ಮದುವೆ ಊಟಕ್ಕೆ ಕೂತು, ಅಳು ಬರಬಾರದೆಂದು ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡವಳು ನಾನು. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದೆ.

“ಟೀ ಆರ್ತೈತೆ, ಕುಡೀರಿ” ಎಂದೆ.

ಅವರ ಹೆಂಡತಿ ಮಹಾದೇವಮ್ಮ ತೀರಿಹೋಗಿ ಆರು ವರ್ಷ. ನಾನು ಮದುವೆಯೇ ಆಗಲಿಲ್ಲ. ಅಡ್ಡಿ ಎನ್ನುವುದು ಯಾವುದೂ ಇರಲಿಲ್ಲ, ನನ್ನ ನಾಲಿಗೆಯೊಂದನ್ನು ಬಿಟ್ಟು.

ಆಮೇಲಿನ ಮೂರು ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ದಿನಾ ಏಕಾಂತಪ್ಪ ತಮ್ಮ ಊರು ಬಬ್ಬೂರಿನಿಂದ ಸ್ಕೂಟರಿನಲ್ಲಿ ಬರುವರು. ದಿನಾ ಎದುರಿಗೆ ಕೂತು, ಕನ್ನಡಕವಿಲ್ಲದ ಕಣ್ಣು ಸ್ವಲ್ಪ ಕಿರಿದು ಮಾಡಿ, ಜೀವಮಾನ ಪೂರ್ತಿ ಇರ್ತೀಯಾ ಎಂದು ಕೇಳುವರು. ದಿನಾ ನಾನು ಅವರಿಗೆ ಇಲ್ಲ ಎನ್ನಬೇಕು, ಅದೂ ಜನ ನಗುವ ಹಾಗೆ. ಒಂದು ದಿನ ಮೆಲ್ಲಗೆ ಕೇಳಿದರು, ಒಂದು ದಿನ ರೇಗಿಸುವವರ ಹಾಗೆ ಕೇಳಿದರು. ನಾನು ತಲೆ ತಗ್ಗಿಸಿದರೆ ಅವರೂ ಬಗ್ಗಿ ನನ್ನ ಮುಖ ಹುಡುಕುವರು.

“ಸಹನಾ, ಆ ಮಾತು ತೆಗೆದುಬಿಡಮ್ಮ” ಎಂದು ಬೇಡಿಕೊಂಡೆ.

“ಅಯ್ಯೋ ಮೇಡಂ, ಪೋಸ್ಟರ್‌ನಾಗೇ ಹಾಕ್ಸೀನಿ! ಬಸ್‌ಸ್ಟ್ಯಾಂಡ್ ತುಂಬ ಅದೇ ಐತೆ.”

ನಾನು ಅವರನ್ನು ಬೇಡ ಎಂದದ್ದು ಈಗ ಊರಿಗೆಲ್ಲ ಗೊತ್ತು. ಶೋ ಮುಗಿದರೆ ಅವರು ಬಬ್ಬೂರಿಗೆ, ನಾನು ನನ್ನ ಮನೆಗೆ. ಮತ್ತೆ ನೋಡಲು ಏನು ನೆಪ ಹೇಳಲಿ?

ಚಿತ್ರದುರ್ಗದಲ್ಲಿ ರಂಗಮಂದಿರ ತುಂಬಿತ್ತು. ಆ ಜಾಗ ಬಂತು. ಜನ ನಗುವುದಕ್ಕೆ ತಯಾರಾಗಿ ಮುಂದಕ್ಕೆ ಬಾಗಿ ಕೂತಿದ್ದರು.

“ಜೀವಮಾನ ಪೂರ್ತಿ ನನ್ ಜೊತೆ ಇರ್ತೀಯಾ?”

ಡೈ ಬಿಟ್ಟು ಬೆಳ್ಳಗಾಗುತ್ತಿದ್ದ ಕೂದಲಿನ ಆ ಮುಖ ನೋಡಿದೆ. ನಾಲಿಗೆ ನನ್ನ ಮಾತು ಕೇಳಲಿಲ್ಲ.

“ಇರ್ತೀನಿ.”

ಏಕಾಂತಪ್ಪ ಗಾಬರಿಯಾದರು. ನಾನು ಮಾತು ಮರೆತೆ ಎಂದುಕೊಂಡರು, ಪಾಪ. ನನ್ನ ಮಾನ ಉಳಿಸಲು ಓಡಿಬಂದರು. “ಹೊತ್ತಾತು ಕಣೇ... ಮುದ್ದೆ ಆರ್ತೈತೇನೋ ನೋಡು!”

“ಆರ್ಲಿ ಬಿಡ್ರಿ” ಎಂದೆ. “ನೀವು ಹೊಸದುರ್ಗದಾಗೆ ಕೇಳಿದ್ದಕ್ಕೆ ಹೇಳ್ತಾ ಇದೀನಿ. ಇರ್ತೀನಿ.”

ಯಾರೂ ನಗಲಿಲ್ಲ. ಏಕಾಂತಪ್ಪ ನನ್ನ ಹತ್ತಿರಕ್ಕೆ ಬಗ್ಗಿದರು. ಆಮೇಲೆ ಮೈಕಿಗೆ ಕೇಳದಷ್ಟು ಸಣ್ಣಗೆ ಅಂದರು, “ಇನ್ನೂ ಇಪ್ಪತ್ತು ನಿಮಿಷ ನಾಟಕ ಐತಲ್ಲೇ. ಈಗ ಏನ್ ಮಾಡಾಣ?”

ಏನು ಮಾಡುವುದು, ಆಡಿದೆವು. ಇರುತ್ತೇನೆ ಎಂದ ಹೆಂಗಸು ಹತ್ತೇ ನಿಮಿಷಕ್ಕೆ ಜಗಳ ತೆಗೆದು ಟ್ರಂಕು ಎತ್ತಿಕೊಂಡಿದ್ದನ್ನು ನೋಡಿ ಚಿತ್ರದುರ್ಗದ ಜನ ಏನೆಂದುಕೊಂಡರೋ. ಬಾಗಿಲು ದಾಟಿ ರಂಗದ ಪಕ್ಕದ ವಿಂಗ್‌ಗೆ ಬಂದು ನಿಂತೆ.

ಅಲ್ಲಿ ರಂಗದ ಮೇಲೆ ಹೆಂಡತಿ ಬಿಟ್ಟುಹೋದ ಮುದುಕ ಒಬ್ಬನೇ ಕೂತು ಎದೆ ಒಡೆಯುವಂಥ ಮಾತು ಆಡುತ್ತಿದ್ದ. ಒಂದಕ್ಷರ ತಪ್ಪಲಿಲ್ಲ. ಏಕಾಂತಪ್ಪನವರ ಮುಖದ ತುಂಬ ಮಾತ್ರ ನಗು. ಟವಲಿನಲ್ಲಿ ಒರೆಸಿದರು, ಹೋಗಲಿಲ್ಲ. ಬೆನ್ನು ತಿರುಗಿಸಿ ಕೂತರು, ಭುಜ ಕುಣಿಯುತ್ತಿತ್ತು.

ಸಹನಾ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. “ಮೇಡಂ, ಸಾರ್ ಅಳ್ಬೇಕು ಈಗ! ಏನಾಗೈತೆ ಅವ್ರಿಗೆ?”

“ಅವ್ರು ಅಳಲ್ಲ ಕಣಮ್ಮ” ಎಂದೆ. “ನಾನೇನ್ ಮಾಡ್ಲಿ?”