ಸೊನ್ನೆಯ ಗೂಟ

ಸರ್ವೆಯರನಿಗೆ ತಾಳ್ಮೆಯಿರಲಿಲ್ಲ. ಸರೋವರದ ದಡದವರೆಗೆ ರೈಲು ಬರುತ್ತದೆಂಬ ಸುದ್ದಿಗೇ ನೆಲದ ಬೆಲೆ ಗಗನಕ್ಕೇರಿತ್ತು. ಹೋಟೆಲುಗಳಿಗಿಂತ ಮೊದಲು ಅವುಗಳ ಬೋರ್ಡುಗಳು ಎದ್ದಿದ್ದವು. ಸ್ಟೇಷನ್ ಕಟ್ಟುವ ಜಾಗದ ಮೂಲೆಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಗೂಟವೊಂದು ಕಂಡಾಗ, ಹಳೆಯ ಸರ್ವೆಯವರ ಗುರುತೇ ಇರಬೇಕೆಂದು ಅದಕ್ಕೆ ಕೆಂಪು ಬಣ್ಣ ಬಳಿದ. ಪಕ್ಕದ ಕಲ್ಲಿನ ಮೇಲೆ ಸೊನ್ನೆ ಬರೆದ. ಎಲ್ಲ ಅಳತೆಯೂ ಇನ್ನು ಅಲ್ಲಿಂದಲೇ.

"ಅದರಿಂದ ಅಳೀಬೇಡ," ಎಂದಳು ಮುದುಕಿ. ರೈಲಿಗೆ ಹೋಗಲಿದ್ದುದು ಅವಳ ನೆಲ.

"ಅಳೀಬೇಡ ಅಂದ್ರೆ? ಅಳತೆ ಮಾಡ್ಬೇಡ ಅಂತಾನೋ, ಸಾಯ್ಬೇಡ ಅಂತಾನೋ?"

"ಈ ಗೂಟದ ಹತ್ರ ಎರಡೂ ಒಂದೇ. ನೆಲ ಪಾಲು ಮಾಡೋಕೆ ನನ್ನ ಮೈದುನ ಬಂದಾಗ ಮಾಟ ಮಾಡ್ಸಿ ನಾನೇ ನೆಟ್ಟಿದ್ದು. ಇದರಿಂದ ಅಳೆದೋನ ಮನೇಲಿ ಕಮ್ಮಿ ಆಗ್ತಾ ಹೋಗುತ್ತೆ."

"ಆಗ್ಲಿ ಬಿಡಜ್ಜಿ. ತೂಕ ಇಳಿಸು ಅಂತ ಡಾಕ್ಟ್ರು ನನ್ನ ಹೆಂಡ್ತಿ ಹತ್ರ ಬಡ್ಕೊಂಡು ಸುಸ್ತಾಗಿದಾರೆ."

"ಅವನೂ ಹಿಂಗೇ ನಕ್ಕಿದ್ದ. ಈಗ ಅವನ ಮನೆಗೆ ಬೀಗ ಹಾಕೋಕೂ ಯಾರೂ ಇಲ್ಲ."

ಅವನು ಟೇಪಿನ ಕೊಂಡಿಯನ್ನು ಗೂಟಕ್ಕೆ ಸಿಕ್ಕಿಸಿ ನಡೆದ. ಕೂದಲು ಸುಟ್ಟ ವಾಸನೆ ಬಂತು. ಉರಿಬಿಸಿಲಿನಲ್ಲಿ ಚೀರುತ್ತಿದ್ದ ಹುಳುಗಳು ಒಮ್ಮೆಲೇ ಸುಮ್ಮನಾದವು. ಪ್ಲಾಟ್‌ಫಾರಂ ಅಳೆದ, ಟಿಕೆಟ್ ಕೋಣೆ ಅಳೆದ, ರಸ್ತೆ ಅಳೆದ. ಗೂಟದ ಕಡೆಯ ತುದಿಯನ್ನು ಯಾರೋ ಬಿಗಿಯಾಗಿ ಹಿಡಿದುಕೊಂಡಂತಿತ್ತು. ಸುತ್ತಿಕೊಳ್ಳುವಾಗ ಉಕ್ಕಿನ ಪಟ್ಟಿ ಬೆವೆತ ಅಂಗೈಯಂತೆ ಒದ್ದೆಯಾಗಿತ್ತು.

ಸಂಜೆ ಬಾಡಿಗೆ ಮನೆಯಲ್ಲಿ ಮಗಳು ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಂತಳು. "ಅಪ್ಪಾ, ಎಷ್ಟುದ್ದ ಆದೆ ನೋಡು."

ಅವನು ಪೆನ್ಸಿಲ್ ಗೆರೆ ಎಳೆದ. ಅದು ಹಿಂದಿನ ಗೆರೆಗಿಂತ ಕೆಳಗೆ ಬಿತ್ತು.

"ಮಂಡಿ ಮಡಚ್ಬೇಡ ಕಣೆ, ಕಳ್ಳಿ."

"ನೆಟ್ಟಗೇ ನಿಂತಿದೀನಪ್ಪಾ."

ಅವಳ ಲಂಗದ ಅಂಚು ನೆಲ ಗುಡಿಸುತ್ತಿತ್ತು.

ಬೆಳಿಗ್ಗೆ ಅವಳ ಬಳೆಗಳು ಕೈಯಿಂದ ತಾವೇ ಜಾರಿ ಬಿದ್ದವು. ಹೆಂಡತಿ ಮಗಳನ್ನು ಎದೆಗವಚಿಕೊಂಡು, "ರೀ, ಕಿವಿ ಇಟ್ಟು ಕೇಳ್ರೀ," ಎಂದಳು. ಕೇಳಿದ. ಮಗಳ ಬೆನ್ನುಮೂಳೆಯೊಳಗೆ ಸಣ್ಣಗೆ ಕಿರಕಿರ. ಟೇಪು ಸುತ್ತಿಕೊಳ್ಳುವ ಸದ್ದು.

ಅವನು ಓಡಿದ. ಜಾಗವನ್ನಾಗಲೇ ಬುಲ್ಡೋಜರ್ ಸಮತಟ್ಟು ಮಾಡಿತ್ತು. ಮುದುಕಿ ತನ್ನ ಗಂಟಿನ ಮೇಲೆ ಕೂತಿದ್ದಳು.

"ಬಿಡಿಸಜ್ಜಿ. ನನ್ನ ಮಗಳು..."

"ನಂಗೇನು ಹೇಳ್ತೀಯ? ಹೋಗ್ತಾ ಅಳೆದ್ಯಲ್ಲ, ಬರ್ತಾ ಅಳೆದು ಗೂಟಕ್ಕೇ ಒಪ್ಪಿಸು."

"ಗೂಟ ಎಲ್ಲಿ?"

"ನಿಮ್ಮ ಯಂತ್ರ ನುಂಗಿತು. ಅದರ ಗುಂಡಿ ಮಾತ್ರ ಮುಚ್ಚದೆ ಅಲ್ಲೇ ಇದೆ."

"ಗೂಟ ಇಲ್ದಿದ್ರೆ?"

"ಯಾರಾದ್ರೂ ಗೂಟ ಆಗ್ಬೇಕು." ಅವನು ತನ್ನತ್ತಲೇ ನೋಡುವುದನ್ನು ಕಂಡು ಮುದುಕಿ ಉಗಿದಳು. "ಥೂ! ಅಳೆದೋನು ನೀನು."

ಫೋನು ಬಡಿದುಕೊಂಡಿತು. ಹೆಂಡತಿ. "ರೀ, ಅವಳಿಗೆ ನಿಲ್ಲೋಕೇ ಆಗ್ತಿಲ್ಲ ಕಣ್ರೀ..."

ಅವನು ಹಿಂದಕ್ಕೆ ಅಳೆಯತೊಡಗಿದ. ರಸ್ತೆ. ಟಿಕೆಟ್ ಕೋಣೆ. ಪ್ಲಾಟ್‌ಫಾರಂ. ಮತ್ತೆ ಸುಟ್ಟ ಕೂದಲ ವಾಸನೆ. ಮುಂದೆ ಗುಂಡಿ. ಒಳಗೆ ಕತ್ತಲೆ, ಬಿಸಿಲು ಇಳಿಯದ ಕತ್ತಲೆ. ಕೊಂಡಿಯನ್ನು ತನ್ನ ಬೆಲ್ಟಿಗೇ ಸಿಕ್ಕಿಸಿಕೊಂಡ. ಎರಡೂ ಕಾಲು ಇಳಿಸಿದ. ಪಾದ ಹೋಯಿತು. ಮಂಡಿಯವರೆಗೆ ಹೋಯಿತು. ಮಣ್ಣು ಬಿಗಿಯಿತು. ಟೇಪು ತಾನೇ ಓಡಿ ಬಂತು. ಕೆಳಗೆ ಯಾವುದೋ ಬಾಯಿ ಅವಸರವಿಲ್ಲದೆ ಅಗಿಯುತ್ತಿತ್ತು. ಅವನು ಕಿರುಚಿದ. ಮುದುಕಿ ಏಳಲಿಲ್ಲ. ಬುಲ್ಡೋಜರ್ ಚಾಲಕ ಇಂಜಿನ್ ನಿಲ್ಲಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಗಳು ಬದುಕಿದಳು. ರೈಲು ಹೇಳಿದ ದಿನಕ್ಕೇ ಬಂತು. ಹೋದದ್ದು ಇಷ್ಟು: ಮುದುಕಿಯ ನೆಲ, ಪೂರ್ತಿ. ಸರ್ವೆಯರನ ಎರಡು ಕಾಲು, ಮಂಡಿಯಿಂದ ಕೆಳಕ್ಕೆ. ಮಗಳ ಎತ್ತರದಲ್ಲಿ ಎರಡು ಗೇಣು.