ಎಕ್ಸಿಬಿಷನ್‌ಗೆ ಹೊರಟ ಹಲ್ಲು

“ಬಾಯಿ ಮುಚ್ಚು ಮಾಯಾ, ಹಲ್ಲಿಗೆ ಗಾಳಿ ಬಡೀತದ,” ಎನ್ನುತ್ತಾ ಅಪ್ಪ ಅಂಬಣ್ಣ ತನ್ನ ಮಫ್ಲರನ್ನು ಮಗಳ ಗದ್ದದ ಸುತ್ತ ಬಿಗಿದ.

ಪುಣೆಯ ಹಡಪಸರದಲ್ಲಿ ಬೆವರಿಳಿಯುವ ಬಿಸಿಲು. ಆದರೆ ಮಾಯಾಳ ಮುಂದಿನ ಹಲ್ಲು ಅಲ್ಲಾಡತೊಡಗಿದಾಗಿನಿಂದ ಮನೆಯವರ ತಲೆ ಕೆಟ್ಟಿತ್ತು.

ಅತ್ತೆ ಶಿವಕಾಂತಾ ಮಾರ್ಬಲ್ ಕೆತ್ತುವ ಶಿಲ್ಪಿ. ಭಾನುವಾರ ಅವಳ ಮೊದಲ ದೊಡ್ಡ ಎಕ್ಸಿಬಿಷನ್. ಅದಕ್ಕಾಗಿ ವರ್ಷವಿಡೀ ನಗುವ ಮಾಯಾಳನ್ನೇ ಕೆತ್ತಿದ್ದಳು. ಕಲ್ಲಿನ ಮಾಯಾಳಿಗೆ ಹಲ್ಲೆಲ್ಲ ಮೂಡಿಯಾಗಿತ್ತು. ನಿಜವಾದ ಮಾಯಾಳ ಹಲ್ಲು ಬಿದ್ದರೆ ಮೂರ್ತಿ ಸುಳ್ಳಾಗುತ್ತದೆ ಎಂಬುದು ಎಲ್ಲರ ಭಯ.

ಇದೇನೂ ಅತ್ತೆಗೆ ಗೊತ್ತೇ ಇರಲಿಲ್ಲ. ಶೆಡ್ಡಿನಲ್ಲಿ ಸದಾ ಗ್ರೈಂಡರಿನ ಗದ್ದಲ. ಅಜ್ಜಿ ಮರೆಮ್ಮ ಬಾಗಿಲಲ್ಲಿ ನಿಂತು ಹಲ್ಲಿನ ಸುದ್ದಿ ಕೂಗಿ ಹೇಳಿದರೆ, ಚಹಾಕ್ಕೆ ಕರೆದಳೆಂದುಕೊಂಡು ಬೇಡವೆಂದು ಕೈಯಾಡಿಸಿದಳು.

ಮಾಯಾಳಿಗೆ ಮೂರು ಹೊತ್ತೂ ಹಾಲಲ್ಲಿ ಕಲಸಿದ ಬಾಳೆಹಣ್ಣೇ ಊಟ. ಸ್ಕೂಲಿನಲ್ಲಿ ಟೀಚರ್ “ಬೋಲ್ ನಾ, ಬಾಳಾ” ಎಂದು ಮರಾಠಿಯಲ್ಲಿ ಮುದ್ದಿನಿಂದ ಮಾತಾಡಿಸಿದರೂ ಬಾಯಿ ಬಿಡಲಿಲ್ಲ.

ರಿಸೆಸ್‌ನಲ್ಲಿ ಪಕ್ಕದ ಮನೆಯ ಮಂದಾರ ಪೇರಲಹಣ್ಣು ಚಾಚಿದ.

“ನಾ ತಿನ್ನಂಗಿಲ್ಲ. ಈ ಹಲ್ಲು ಎಕ್ಸಿಬಿಷನ್‌ಗೆ ಹೋಗೂದದ.”

“ಟಿಕೆಟ್ ಎಷ್ಟು?” ಎಂದ ಮಂದಾರ ಗಂಭೀರವಾಗಿ.

ಮಾಯಾಳಿಗೆ ನಗು ತಡೆಯಲಾಗಲಿಲ್ಲ. ಹಲ್ಲು ಪುಳಕ್ಕನೆ ಮಫ್ಲರಿನೊಳಗೆ ಉದುರಿತು. ಆಮೇಲೆ ಅವಳು ಸಂಜೆಯವರೆಗೂ ಅತ್ತಳು. ಅತ್ತೆಯ ಕೆಲಸವೆಲ್ಲ ತನ್ನಿಂದಲೇ ಹಾಳಾಯಿತಲ್ಲ.

ಶೆಡ್ಡಿಗೆ ಹೋದವಳೇ ಗ್ರೈಂಡರಿನ ಸ್ವಿಚ್ ಆಫ್ ಮಾಡಿ, ಹಲ್ಲು ತೋರಿಸಿದಳು. “ಅತ್ತಿ, ಇದನ್ನ ಫೆವಿಕಾಲ್ ಹಚ್ಚಿ ಕೂಡಿಸಾಕ ಬರ್ತದೇನು? ಇಲ್ಲಾಂದ್ರ ನಿನ್ನ ಮೂರ್ತಿ ಸುಳ್ಳಾಗ್ತದ.”

ಅತ್ತೆ ಮಾಸ್ಕ್ ಇಳಿಸಿದಳು. ಅವಳ ಹುಬ್ಬಿನ ತುಂಬ ಬಿಳಿ ಪುಡಿ. “ಅಯ್ಯ, ಇಷ್ಟಕ್ಕ ಅಳ್ತಾರೇನು?”

ಸಣ್ಣ ಉಳಿ ತೆಗೆದುಕೊಂಡು ಟಕ್ ಟಕ್ ಎಂದು ಹೊಡೆದಳು. ಕಲ್ಲಿನ ಮಾಯಾಳ ಹಲ್ಲೂ ಉದುರಿತು. ಬಾಗಿಲಲ್ಲಿದ್ದ ಅಪ್ಪ ತಲೆ ಹಿಡಿದುಕೊಂಡು ಕುಳಿತುಬಿಟ್ಟ.

ಅತ್ತೆ ಆ ಸಂದನ್ನು ಅರದಿಂದ ಉಜ್ಜಿ ಪುಡಿ ಊದಿದಳು. “ನೋಡು, ಈಗ ಖರೇ ನಿನ್ನಂಗ ಕಾಣ್ತದ.”

ಮಾಯಾಳಿಗೆ ಎಷ್ಟು ಖುಷಿಯಾಯಿತೆಂದರೆ ಅಜ್ಜಿಯನ್ನೂ ಎಳೆದು ತಂದು ತೋರಿಸಿದಳು. ಆಮೇಲೆ ಏನೋ ನೆನಪಾಯಿತು.

“ಅತ್ತಿ, ನಂಗ ಹೊಸಾ ಹಲ್ಲು ಬಂದ್ರ?”

“ಕಲ್ಲಿನ್ಯಾಗ ತೆಗಿಯಾಕ ಬರ್ತದ, ಕೂಡಿಸಾಕ ಬರಂಗಿಲ್ಲ. ಆಕಿ ಇನ್ನ ಹಿಂಗಽ ಇರ್ತಾಳ.”

ಮಾಯಾ ಕಲ್ಲಿನ ಹುಡುಗಿಯ ಎದುರು ನಿಂತಳು. ಕಲ್ಲಿನವಳು ಹಾಗೇ ನಗುತ್ತಿದ್ದಳು. ಪಾಪ ಎನಿಸಿತು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹಾಕಿದರೆ ಒಸಡಿನಲ್ಲಿ ಏನೋ ಚೂಪಾಗಿ ತಾಕಿತು.

ಅದನ್ನು ಆ ಹುಡುಗಿಗೆ ತೋರಿಸಬಾರದೆನಿಸಿ, ಮಾಯಾ ಮೆಲ್ಲಗೆ ಬಾಯಿ ಮುಚ್ಚಿಕೊಂಡಳು.